ತಂತಿಯಿಲ್ಲದ ಮಾರಾಟಗಾರ: ಪ್ಲಾಸ್ಟಿಕ್ ಗಿಟಾರಿನ ಕಾಲ್ಪನಿಕ ಸಂದರ್ಶನ

‘ಗಿಟಾರ್ ಹೀರೋ’ ವಿಡಿಯೋ ಗೇಮ್ 2005ರ ನವೆಂಬರಿನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಪ್ಲೇಸ್ಟೇಷನ್ 2ರಲ್ಲಿ ಆಡುವ ಈ ಆಟದ ಪೆಟ್ಟಿಗೆಯೊಳಗೆ, ಗಿಬ್ಸನ್ ಕಂಪನಿಯ ಎಸ್‌ಜಿ ಗಿಟಾರನ್ನು ಹೋಲುವ ಒಂದು ಪ್ಲಾಸ್ಟಿಕ್ ಗಿಟಾರೂ ಇತ್ತು. ಅದರ ಕುತ್ತಿಗೆಯ ಮೇಲೆ ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಬಣ್ಣದ ಐದು ಗುಂಡಿಗಳು. ತಂತಿ ಇರಬೇಕಾದ ಜಾಗದಲ್ಲಿ ಮೇಲಕ್ಕೂ ಕೆಳಕ್ಕೂ ಟಕ್ಕೆನ್ನುವ ಒಂದು ಪಟ್ಟಿ. ಟಿವಿಯಲ್ಲಿ ಉರುಳಿಕೊಂಡು ಬರುವ ಬಣ್ಣದ ಬಿಲ್ಲೆ ಗೆರೆ ಮುಟ್ಟುವ ಹೊತ್ತಿಗೆ ಸರಿಯಾಗಿ ಅದೇ ಬಣ್ಣದ ಗುಂಡಿ ಒತ್ತಿ ಪಟ್ಟಿ ಮೀಟಿದರೆ, ಯಾರೋ ಎಂದೋ ನುಡಿಸಿ ಮುದ್ರಿಸಿಟ್ಟ ಗಿಟಾರ್ ಮೊಳಗುತ್ತದೆ. ತಪ್ಪಿದರೆ ಗಿಟಾರಿನ ದನಿ ನಿಂತು ‘ಕಟಕ್’ ಎನ್ನುತ್ತದೆ. ಈ ಆಟಿಕೆಯನ್ನು ಹಿಡಿದ ಹುಡುಗ ಹುಡುಗಿಯರೆಲ್ಲ ನಾಳೆ ತಮ್ಮ ಅಂಗಡಿಗೆ ಬಂದೇ ಬರುತ್ತಾರೆಂದು ನಿಜವಾದ ಗಿಟಾರ್ ಮಾರುವವರು ಸುಮಾರು ಐದು ವರ್ಷ ನಂಬಿದ್ದರು.

ಸಂದರ್ಶನಕ್ಕೆ ಸಿಕ್ಕಿದ್ದು 2007ರ ಲೆಸ್ ಪಾಲ್ ಮಾದರಿಯ ವೈರ್‌ಲೆಸ್ ಗಿಟಾರ್. ಕುತ್ತಿಗೆ ಕಳಚಿಕೊಂಡು ಪೆಟ್ಟಿಗೆಯಲ್ಲಿ ಮಲಗಿದ್ದ ಅದನ್ನು ಜೋಡಿಸಿದ ಮೇಲೆ ಮಾತು ಶುರುವಾಯಿತು. ಉದ್ದಕ್ಕೂ ಅದು ತನ್ನನ್ನು ‘ಈ ಉಪಕರಣ’ ಎಂದೇ ಕರೆದುಕೊಂಡಿತು. ಬಳಕೆದಾರರ ಕೈಪಿಡಿಯ ಜೊತೆ ವರ್ಷಗಟ್ಟಲೆ ಒಂದೇ ಪೆಟ್ಟಿಗೆಯಲ್ಲಿ ಬಾಳಿದ್ದರ ಫಲ ಅದು.

ಪ್ರಶ್ನೆ: ನಿಮ್ಮ ಕುಲಗೋತ್ರ?

ಉತ್ತರ: ಈ ಉಪಕರಣದ ಹಿರಿಯರು ಜಪಾನಿನವರು. 1990ರ ದಶಕದ ಕೊನೆಗೆ ಅಲ್ಲಿನ ಆರ್ಕೇಡುಗಳಲ್ಲಿ ಕೊನಾಮಿ ಕಂಪನಿಯ ‘ಗಿಟಾರ್ ಫ್ರೀಕ್ಸ್’ ಇತ್ತು. ಅಮೆರಿಕದಲ್ಲಿ ಆಟವನ್ನು ರೂಪಿಸಿದ್ದು ಹಾರ್ಮೋನಿಕ್ಸ್. ಎಂಐಟಿಯಲ್ಲಿ ಓದಿದ ಅಲೆಕ್ಸ್ ರಿಗೋಪುಲೋಸ್ ಮತ್ತು ಎರಾನ್ ಎಗೋಝಿ 1995ರಲ್ಲಿ ಕಟ್ಟಿದ ಕಂಪನಿ. ಗಿಟಾರನ್ನು ಹೊರತಂದದ್ದು ರೆಡ್‌ಆಕ್ಟೇನ್. ಅದಕ್ಕೆ ಮೊದಲು ಅವರು ಮಾರುತ್ತಿದ್ದದ್ದು ಕುಣಿಯುವ ಆಟಕ್ಕೆ ನೆಲದ ಮೇಲೆ ಹಾಸುವ ಚಾಪೆ. ಕಾಲಿನಿಂದ ಕೈಗೆ ಬಡ್ತಿ ಸಿಕ್ಕಿದ್ದು ಹೀಗೆ.

ಪ್ರಶ್ನೆ: ನೀವು ಆಟಿಕೆಯೋ, ಜಾಹೀರಾತೋ?

ಉತ್ತರ: ಎರಡೂ. ಆಕಾರ ಗಿಬ್ಸನ್ನಿನದು, ತಲೆಯ ಮೇಲಿನ ಹೆಸರೂ ಗಿಬ್ಸನ್ನಿನದು. ಎಲ್ಲವೂ ಪರವಾನಗಿ ಪಡೆದದ್ದೇ. ಆಟದೊಳಗೂ ಒಂದು ಅಂಗಡಿ ಇತ್ತು. ಹಾಡು ಗೆದ್ದು ಗಳಿಸಿದ ಸುಳ್ಳು ದುಡ್ಡಿನಲ್ಲಿ ಅಲ್ಲಿ ಗಿಬ್ಸನ್ ಗಿಟಾರುಗಳನ್ನು ಕೊಳ್ಳಬಹುದಿತ್ತು. ಹದಿಮೂರರ ಹುಡುಗನಿಗೆ ಎಸ್‌ಜಿ ಯಾವುದು, ಲೆಸ್ ಪಾಲ್ ಯಾವುದು, ಎಕ್ಸ್‌ಪ್ಲೋರರ್ ಯಾವುದು ಎಂದು ದೂರದಿಂದಲೇ ಗುರುತು ಹಿಡಿಯುವುದನ್ನು ಕಲಿಸಿದ್ದು ಈ ಉಪಕರಣವೇ. ಬೇರೆ ಜಾಹೀರಾತಿಗೆ ಕಂಪನಿ ದುಡ್ಡು ಸುರಿಯಬೇಕು, ಜನ ಮುಖ ತಿರುಗಿಸುತ್ತಾರೆ. ಈ ಜಾಹೀರಾತನ್ನು ಅಪ್ಪ ಅಮ್ಮ ತಾವೇ ದುಡ್ಡು ಕೊಟ್ಟು ಮನೆಗೆ ತಂದರು. ಆಟದ ಮೂರನೆಯ ಭಾಗವೊಂದರ ಮಾರಾಟವೇ 100 ಕೋಟಿ ಡಾಲರ್ ದಾಟಿತೆಂದು 2009ರಲ್ಲಿ ಆಟದ ಪ್ರಕಾಶಕರಾದ ಆಕ್ಟಿವಿಷನ್ ಕಂಪನಿ ಹೇಳಿಕೊಂಡಿತು.

ಪ್ರಶ್ನೆ: ನಿಮ್ಮಿಂದ ನಿಜವಾದ ಗಿಟಾರ್ ಮಾರಾಟವಾಯಿತೆನ್ನುವುದಕ್ಕೆ ಪುರಾವೆ?

ಉತ್ತರ: ಸಮೀಕ್ಷೆಗಳಿವೆ. ಆಟವಾಡುವ, ಆದರೆ ವಾದ್ಯ ಬಾರದವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿಗೆ ವಾದ್ಯ ಕಲಿಯುವ ಆಸೆ ಹುಟ್ಟಿದೆ ಎಂದು ಅಮೆರಿಕದ ‘ಗಿಟಾರ್ ಸೆಂಟರ್’ ಸಾರಿತು. ಅದು ಗಿಟಾರ್ ಮಾರುವ ಅಂಗಡಿಗಳ ಸರಪಳಿ ಎಂಬುದನ್ನು ಓದುಗರು ಗಮನಿಸಬೇಕು. 2008ರಲ್ಲಿ ಬ್ರಿಟನ್ನಿನ ‘ಯೂತ್ ಮ್ಯೂಸಿಕ್’ ಸಂಸ್ಥೆ ಕೇಳಿದಾಗ, ಆಟವಾಡುವ ಮಕ್ಕಳಲ್ಲಿ ಸುಮಾರು ಐದರಲ್ಲಿ ಒಬ್ಬರು ಅದರ ಗುಂಗಿನಿಂದಲೇ ವಾದ್ಯ ಹಿಡಿದೆವು ಎಂದರು. ಆಸೆಪಡುವವರನ್ನು ಎಣಿಸುವುದು ಸುಲಭ. ಆರು ತಿಂಗಳ ಮೇಲೂ ನುಡಿಸುತ್ತಿರುವವರನ್ನು ಎಣಿಸಲು ಯಾವ ಅಂಗಡಿಗೂ ಪುರುಸೊತ್ತಿರಲಿಲ್ಲ.

ಪ್ರಶ್ನೆ: ಇಷ್ಟೆಲ್ಲ ಸೇವೆ ಮಾಡಿದರೂ ಗಿಬ್ಸನ್ ಜಗಳಕ್ಕೆ ಬಂತಲ್ಲ?

ಉತ್ತರ: ಅದೇ ಬೇಸರ. ಈ ಮಾದರಿ ಅಂಗಡಿಗೆ ಬಂದದ್ದು 2007ರ ಅಕ್ಟೋಬರಿನಲ್ಲಿ. ಮೂರು ತಿಂಗಳು ತುಂಬುವುದರೊಳಗೆ, 2008ರ ಜನವರಿಯಲ್ಲಿ, ಗಿಬ್ಸನ್ನಿನಿಂದ ಪತ್ರ ಹೋಯಿತು. ಸಂಗೀತ ಕಛೇರಿಯ ಅನುಭವವನ್ನು ಯಂತ್ರದಲ್ಲಿ ಅನುಕರಿಸುವ ವಿಧಾನಕ್ಕೆ 1999ರಲ್ಲೇ ತಮಗೆ ಪೇಟೆಂಟ್ ಸಿಕ್ಕಿದೆ, ಆಟ ಅದನ್ನು ಉಲ್ಲಂಘಿಸಿದೆ ಎಂಬುದು ಅದರ ಸಾರ. ಮಾರ್ಚಿನಲ್ಲಿ ಆಕ್ಟಿವಿಷನ್ ತಾನೇ ಕ್ಯಾಲಿಫೋರ್ನಿಯಾದ ನ್ಯಾಯಾಲಯಕ್ಕೆ ಹೋಯಿತು. ಗಿಬ್ಸನ್ ಆಟ ಮಾರಿದ ಅಂಗಡಿಗಳನ್ನೂ ಕಟಕಟೆಗೆ ಎಳೆಯಿತು, ವಾಲ್‌ಮಾರ್ಟನ್ನೂ ಬಿಡಲಿಲ್ಲ. ತಮ್ಮ ಹೆಸರನ್ನು ಮನೆಮನೆಗೆ ತಲುಪಿಸುತ್ತಿದ್ದವರ ಮೇಲೆಯೇ ದಾವೆ ಹೂಡುವ ಪ್ರಚಾರ ತಂತ್ರ ವ್ಯಾಪಾರದ ಪಠ್ಯಪುಸ್ತಕಗಳಲ್ಲಿ ಇದ್ದಂತಿಲ್ಲ. 2009ರ ಫೆಬ್ರುವರಿಯಲ್ಲಿ ತೀರ್ಪು ಆಕ್ಟಿವಿಷನ್ ಪರವಾಗಿ ಬಂತು. ಪೇಟೆಂಟಿನಲ್ಲಿರುವುದು ವಾದ್ಯದಿಂದ ಹೊರಡುವ ಧ್ವನಿ ಸಂಕೇತದ ಮಾತು. ಆಟದ ಗಿಟಾರಿನಿಂದ ಅಂಥದ್ದೇನೂ ಹೊರಡುವುದಿಲ್ಲ.

ಪ್ರಶ್ನೆ: ಅಂದರೆ, ನೀವು ವಾದ್ಯವೇ ಅಲ್ಲ ಎಂದಾಯಿತು.

ಉತ್ತರ: ಆಯಿತು. ಗೆದ್ದದ್ದೂ ಅದೇ ಕಾರಣಕ್ಕೆ.

ಪ್ರಶ್ನೆ: ಇನ್ನೊಂದು ಗಿಟಾರ್ ಕಂಪನಿ ಫೆಂಡರ್‌ನವರು ಹೆಚ್ಚು ಜಾಣರೆ?

ಉತ್ತರ: ತಾಳ್ಮೆಯವರು. ಹಾರ್ಮೋನಿಕ್ಸ್ ಬೇರೆಯಾಗಿ 2007ರಲ್ಲಿ ‘ರಾಕ್ ಬ್ಯಾಂಡ್’ ಆಟ ತಂದಾಗ ಅದರ ಗಿಟಾರ್ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಆಕಾರದ್ದು. 2009ರಲ್ಲಿ ಬೀಟಲ್ಸ್ ಆವೃತ್ತಿ ಬಂದಾಗ ಪಾಲ್ ಮೆಕಾರ್ಟ್ನಿಯ ಹಾಫ್ನರ್ ಬೇಸ್ ಕೂಡ ಪ್ಲಾಸ್ಟಿಕ್ಕಿಗೆ ಇಳಿಯಿತು. ಮರುವರ್ಷದ ‘ರಾಕ್ ಬ್ಯಾಂಡ್ 3’ರಲ್ಲಿ ನಿಜವಾದ ಬೆರಳುವರಸೆ ಕಲಿಸುವ ವ್ಯವಸ್ಥೆಯೇ ಇತ್ತು. ಅದಕ್ಕೆಂದು ತಯಾರಾದ ಮಸ್ಟಾಂಗ್ ಮಾದರಿಯ ಕುತ್ತಿಗೆಯ ಮೇಲೆ ಹದಿನೇಳು ಫ್ರೆಟ್ (ಮನೆ), ಪ್ರತಿ ಫ್ರೆಟ್ಟಿಗೆ ಆರು ಗುಂಡಿ, ಒಟ್ಟು 102 ಗುಂಡಿ. ಐದರಿಂದ ನೂರಾ ಎರಡಕ್ಕೆ ಒಂದೇ ನೆಗೆತ! ಕೊನೆಗೆ ಫೆಂಡರ್‌ನ ಸ್ಕ್ವಯರ್ ಹೆಸರಿನಲ್ಲಿ ಆಟಕ್ಕೂ ಆಂಪ್ಲಿಫೈಯರಿಗೂ ಹೊಂದುವ, ಆರು ತಂತಿಯ ಅಸಲಿ ಗಿಟಾರ್ ಬಂತು. ಬೆಲೆ ಸುಮಾರು 280 ಡಾಲರ್. ಬಂದದ್ದು 2011ರ ಮಾರ್ಚಿನಲ್ಲಿ. ಆಕ್ಟಿವಿಷನ್ ‘ಗಿಟಾರ್ ಹೀರೋ’ ವಿಭಾಗಕ್ಕೆ ಬೀಗ ಹಾಕಿದ್ದು ಅದರ ಹಿಂದಿನ ತಿಂಗಳು. ಸೇತುವೆ ಕಟ್ಟಿ ಮುಗಿಸುವ ಹೊತ್ತಿಗೆ ದಾಟುವವರು ಮನೆಗೆ ಹೋಗಿದ್ದರು.

ಪ್ರಶ್ನೆ: ದಾಟದೆ ಹೋದದ್ದು ಏಕೆ?

ಉತ್ತರ: ಈ ಉಪಕರಣ ಕೈಗೆ ಬಂದ ಐದನೇ ನಿಮಿಷಕ್ಕೆ ಪರದೆಯ ಮೇಲೆ ಸಾವಿರಾರು ಜನ ಕೇಕೆ ಹಾಕುತ್ತಾರೆ. ಕುತ್ತಿಗೆ ಮೇಲೆತ್ತಿದರೆ ಅಂಕ ಇಮ್ಮಡಿಯಾಗುತ್ತದೆ. ಅಸಲಿ ಗಿಟಾರಿನಲ್ಲಿ ‘ಎಫ್’ ಕಾರ್ಡ್ ಹಿಡಿಯುವುದನ್ನು ನೋಡಿ. ತೋರುಬೆರಳನ್ನು ಮೊದಲ ಫ್ರೆಟ್ಟಿನ ಬಳಿ ಅಡ್ಡಡ್ಡ ಮಲಗಿಸಿ ಆರೂ ತಂತಿ ಒತ್ತಬೇಕು. ಉಳಿದ ಮೂರು ಬೆರಳು ಎರಡನೆಯ, ಮೂರನೆಯ ಫ್ರೆಟ್ಟಿಗೆ ಚಾಚಬೇಕು. ಮಣಿಕಟ್ಟು ಸೋಲುತ್ತದೆ. ಮೀಟಿದರೆ ಎರಡು ತಂತಿ ನುಡಿಯುತ್ತವೆ, ಒಂದು ಗೊರಗುಟ್ಟುತ್ತದೆ, ಮೂರು ಮೂಕ. ಬೆರಳ ತುದಿ ದಡ್ಡುಗಟ್ಟುವವರೆಗೆ ಉರಿ ತಪ್ಪಿದ್ದಲ್ಲ. ಆಗ ಕೇಕೆ ಹಾಕುವವರೂ ಇಲ್ಲ. ಬಾಗಿಲು ಹಾಕಿಕೋ ಎನ್ನುವ ಅಮ್ಮನೊಬ್ಬಳೇ. ಸರಳೆ ವರಸೆಯನ್ನೇ ಕೇಳದವನನ್ನು ನೇರ ತನಿ ಆವರ್ತನದ ಚಪ್ಪಾಳೆಗೆ ಕೂರಿಸಿ, ಆಮೇಲೆ ‘ಸ ರಿ ಗ ಮ’ ಬರೆಸಿದ ಹಾಗೆ. ಹೊಸಬರಲ್ಲಿ ನೂರಕ್ಕೆ ತೊಂಬತ್ತು ಮಂದಿ ಮೊದಲ ವರ್ಷದೊಳಗೇ ಕೈಬಿಡುತ್ತಾರೆಂದು ಫೆಂಡರ್‌ನವರೇ ಹೇಳಿದ್ದಾರೆ.

ಪ್ರಶ್ನೆ: ‘ಆಟಿಕೆ ಬಿಸಾಡು, ಅಸಲಿ ಹಿಡಿ’ ಎನ್ನುವ ಧಾಟಿಯ ಜಾಹೀರಾತುಗಳ ಬಗ್ಗೆ?

ಉತ್ತರ: ಗಿರಾಕಿಯನ್ನು ಬೈದು ಸರಕು ಮಾರುವ ಕಲೆ ಈ ಉಪಕರಣಕ್ಕೆ ತಿಳಿಯದು. ಆಡುತ್ತಿದ್ದ ಮಕ್ಕಳಿಗೆ ಅದು ಆಟವೆಂದು ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಜಾಹೀರಾತು ಬರೆದ ದೊಡ್ಡವರಿಗೆ. ಗಿಟಾರ್ ತಗುಲಿಸಿಕೊಂಡು ನಿಲ್ಲುವ ಠೀವಿಯನ್ನೇ ಅವರು ಮಾರಲು ಹೊರಟರು. ಅದು ಹುಡುಗರಿಗೆ ಆಗಲೇ ಕಡಿಮೆ ಬೆಲೆಗೆ ಸಿಕ್ಕಿತ್ತು. ಅವರಲ್ಲಿಲ್ಲದಿದ್ದದ್ದು ದಾರಿ ತೋರುವವರು. ಆ ಕೊರತೆಯನ್ನು ಮೊದಲು ಕಂಡುಕೊಂಡದ್ದು ಆಟದ ಕಂಪನಿಗಳೇ. 2011ರಲ್ಲಿ ಯೂಬಿಸಾಫ್ಟ್ ತಂದ ‘ರಾಕ್‌ಸ್ಮಿತ್’ ನಿಜವಾದ ಗಿಟಾರನ್ನು ಒಂದು ಕೇಬಲ್ಲಿನಲ್ಲಿ ಆಟಕ್ಕೆ ಸಿಕ್ಕಿಸಿತು. ಮುಂದಿನ ಆವೃತ್ತಿಯ ಪ್ರಚಾರದಲ್ಲಿ 60 ದಿನ ಅಭ್ಯಾಸ ಮಾಡಿ ನೋಡಿ ಎಂಬ ಸವಾಲಿತ್ತು. ಕಲಿಕೆಗೆ ದಿನ ಹಿಡಿಯುತ್ತದೆ ಎಂದು ಬಾಯಿಬಿಟ್ಟು ಹೇಳಿದ ಜಾಹೀರಾತು ಅದು. ಇನ್ನೂ ಒಂದು ತಮಾಷೆ: ಆ ಆಟದ ಜೊತೆ ಒಂದೇ ಪೆಟ್ಟಿಗೆಯಲ್ಲಿ ಮಾರಿದ ಗಿಟಾರ್ ಎಪಿಫೋನ್, ಅಂದರೆ ಗಿಬ್ಸನ್ನಿನದೇ ಅಗ್ಗದ ಬ್ರ್ಯಾಂಡ್.

ಪ್ರಶ್ನೆ: ಗಿಬ್ಸನ್ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದರಲ್ಲಿ ನಿಮ್ಮ ಕೈವಾಡ?

ಉತ್ತರ: ಇಲ್ಲ. ಅದು ಹೋಮ್ ಥಿಯೇಟರ್, ಹೆಡ್‌ಫೋನ್ ಮುಂತಾದ ಎಲೆಕ್ಟ್ರಾನಿಕ್ಸ್ ವ್ಯಾಪಾರಕ್ಕೆ ಕೈ ಹಾಕಿ ಮಾಡಿಕೊಂಡ ಸಾಲ. ಗಿಟಾರ್ ವ್ಯಾಪಾರ ಲಾಭದಲ್ಲೇ ಇತ್ತು. ಫೆಂಡರ್ 2017ರಲ್ಲಿ ‘ಫೆಂಡರ್ ಪ್ಲೇ’ ಎಂಬ ಆನ್‌ಲೈನ್ ಪಾಠ ಶುರುಮಾಡಿತು. 2020ರ ಮಾರ್ಚಿನಲ್ಲಿ ಜನ ಮನೆಯಲ್ಲಿ ಬೀಗ ಹಾಕಿಕೊಂಡು ಕೂತಾಗ ಆ ಪಾಠಗಳನ್ನು ಮೂರು ತಿಂಗಳು ಪುಕ್ಕಟೆ ಬಿಟ್ಟಿತು. ಆ ವರ್ಷ ಕಂಪನಿಯ ಮಾರಾಟ ಹಿಂದಿನ ದಾಖಲೆಗಳನ್ನೆಲ್ಲ ಮೀರಿತು. ಯಾವ ರಾಕ್ ತಾರೆಯ ಠೀವಿಯಿಂದಲೂ ಆಗದ ಕೆಲಸ ಬಿಡುವು ಮತ್ತು ಪಾಠದಿಂದ ಆಯಿತು. ಇತ್ತ ಗಿಬ್ಸನ್ ಹೆಸರಿನ ಹೊಸ ಪ್ಲಾಸ್ಟಿಕ್ ಲೆಸ್ ಪಾಲ್‌ಗಳು 2025ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿವೆ, ಈ ಸಲವೂ ಪರವಾನಗಿ ಪಡೆದೇ. ಪತ್ರ ಇನ್ನೂ ಬಂದಿಲ್ಲ.

ಪ್ರಶ್ನೆ: ಆಟ ಆಡಿ ಆಡಿ ಅಸಲಿ ಗಿಟಾರ್ ಬೇಕೆಂದು ಹಟ ಹಿಡಿದ ಮಕ್ಕಳ ತಂದೆ ತಾಯಿಗೆ ಏನು ಹೇಳುತ್ತೀರಿ?

ಉತ್ತರ: ದುಬಾರಿ ಗಿಟಾರ್ ಬೇಡ. ಕೈಗಾತ್ರಕ್ಕೆ ಹೊಂದುವ, ಶ್ರುತಿ ನಿಲ್ಲುವ ಸಾಧಾರಣ ಗಿಟಾರ್ ಕೊಡಿಸಿ. ತಂತಿ ತೀರ ಎತ್ತರದಲ್ಲಿದ್ದರೆ ಅಂಗಡಿಯಲ್ಲೇ ತಗ್ಗಿಸಿಕೊಳ್ಳಿ. ಉಳಿದ ದುಡ್ಡನ್ನು ಮೊದಲ ಆರು ತಿಂಗಳ ಮೇಷ್ಟರ ಸಂಬಳಕ್ಕೆ ತೆಗೆದಿಡಿ. ಈ ಉಪಕರಣವನ್ನು ಕಸಕ್ಕೆ ಹಾಕಬೇಕಾಗಿಲ್ಲ. ಬಳಸದಿರುವಾಗ ಬ್ಯಾಟರಿ ಮಾತ್ರ ತೆಗೆದಿಡಿ.