ನಗಾಡಿದವರ ಹೆಸರು ಬರ್ಕೊಳ್ಳಿ!

ಮಂಗಳೂರಿನ ಕಂಕನಾಡಿಯಲ್ಲಿ ಮತ್ತೆ ಅಗೆದಿದ್ದಾರೆ. ಈ ಸಲ ಯಾರು, ಯಾತಕ್ಕೆ ಎಂದು ವಿವರಿಸಿ ನಿಮ್ಮ ಬೆಳಗಿನ ಚಹಾ ಕೆಡಿಸುವುದಿಲ್ಲ. ನೀರಿನವರು ಮುಚ್ಚಿದ್ದನ್ನು ಕೇಬಲಿನವರು, ಕೇಬಲಿನವರು ಮುಚ್ಚಿದ್ದನ್ನು ಗ್ಯಾಸಿನವರು ಬಿಚ್ಚುವ ಕಥೆ ನಿಮಗೂ ಬಾಯಿಪಾಠ. ಹೊಸ ಸಂಗತಿಯೆಂದರೆ, ಬೈಪಾಸ್ ರಸ್ತೆಯ ಹೊಂಡಕ್ಕೆ ಸುತ್ತಿದ ಕೆಂಪು ಬಿಳಿ ರಿಬ್ಬನ್ನಿನ ಮೇಲೆ ಮೊನ್ನೆ ಒಬ್ಬರು ಕುಳಿತಿದ್ದರು. ಉದ್ದ ಒಂದು ಬೆರಳಿನಷ್ಟು. ತಲೆಯ ಮೇಲೆ ತೊಟ್ಟಿಗೊಂದರಂತೆ ಐದು ಕಣ್ಣು. ಮುಂದೆ ಬೇಕಾದಂತೆ ಬಾಗುವ ಸೊಂಡಿಲು, ಅದರ ತುದಿಗೆ ಮುಳ್ಳುಮುಳ್ಳಾದ ಇಕ್ಕುಳ. ಬಾಯಿ ತಲೆಯಡಿಯಲ್ಲಿ, ಅದೂ ಹಿಂದಕ್ಕೆ ತಿರುಗಿಕೊಂಡು. ಇವರೇ ಒಪಾಬಿನಿಯಾ ರೆಗಾಲಿಸ್. ಸಂಧಿಪದಿ ಕುಲದ ಹಿರಿಯರು. ಏಡಿ, ಸಿಗಡಿ, ಜಿರಳೆಗಳಿಗೆಲ್ಲ ದೊಡ್ಡಪ್ಪನ ಕಡೆಯವರು. ಮೂಲ ಊರು ಕೆನಡಾದ ಬರ್ಜೆಸ್ ಶೇಲ್ ಎಂಬ ಕಲ್ಲು, ವಯಸ್ಸು ಸುಮಾರು 50 ಕೋಟಿ ವರ್ಷ. ಬಸ್‌ಸ್ಟಾಂಡಿನಲ್ಲಿ ಕುಳಿತು ಕುಳಿತು ನಮ್ಮೂರ ಕನ್ನಡ ಕಲಿತುಬಿಟ್ಟಿದ್ದಾರೆ.

ಪ್ರಶ್ನೆ: ಇಷ್ಟು ದೂರ ಎಂತಕ್ಕೆ ಬಂದದ್ದು?

ಒಪಾಬಿನಿಯಾ: ಅಗೆಯುವವರು ಇಷ್ಟು ಜನ ಇರುವ ಊರಲ್ಲಿ ನಮ್ಮವರು ಯಾರಾದರೂ ಸಿಕ್ಕಿಯಾರು ಅಂತ. ನಾವು ಅಪರೂಪ ಮಾರಾಯ್ರೆ. ಚಾರ್ಲ್ಸ್ ವಾಲ್ಕಾಟ್ ಅಂತ ಒಬ್ಬರಿದ್ದರು, ಸ್ಮಿತ್‌ಸೋನಿಯನ್ ಸಂಸ್ಥೆಯ ಮುಖ್ಯಸ್ಥರು. 1909ರಲ್ಲಿ ನಮ್ಮ ಗುಡ್ಡ ಅವರ ಕಣ್ಣಿಗೆ ಬಿತ್ತು. ವರ್ಷ ವರ್ಷ ಬಂದು ಅಗೆದು 65 ಸಾವಿರದಷ್ಟು ಪಳೆಯುಳಿಕೆ ಹೊತ್ತುಕೊಂಡು ಹೋದರು. ಅಷ್ಟಾದರೂ ನನ್ನವು ಒಳ್ಳೆಯದೆನ್ನುವಂಥವು ಇಪ್ಪತ್ತು ಸಹ ಇಲ್ಲ. ಆದರೆ ಅವರು ಅಗೆದಾಗ ಏನಾದರೂ ಸಿಗುತ್ತಿತ್ತು, ಅದು ಹೇಳಬೇಕು.

ಪ್ರಶ್ನೆ: ಇಲ್ಲಿ ಸಿಗಲಿಕ್ಕಿಲ್ಲ. ಮೇಲೆ ಮುರಕಲ್ಲು, ಅದರಡಿ ಶೇಡಿಮಣ್ಣು, ಎಲ್ಲಕ್ಕಿಂತ ಅಡಿಯಲ್ಲಿ ನಿಮಗಿಂತ ಇನ್ನೂರು ಕೋಟಿ ವರ್ಷಕ್ಕೂ ಹಿಂದಿನ ಬಂಡೆ. ನಿಮ್ಮ ಕಾಲದ ನೆಂಟರು ಬೇಕಾದರೆ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಿ, ಟ್ರೈಲೋಬೈಟ್‌ಗಳು ಸಿಗುತ್ತಾರೆ. ಅದಿರಲಿ, ನಿಮ್ಮ ಸಮುದ್ರದ ತಳದಲ್ಲಿ ಫುಟ್‌ಪಾತ್ ಇತ್ತೇ?

ಒಪಾಬಿನಿಯಾ: ಎಂತ ಪಾತು?

ಪ್ರಶ್ನೆ: ನಡೆಯುವವರ ದಾರಿ. ಇಲ್ಲಿ ಆಸ್ಪತ್ರೆ ಗೇಟಿನಿಂದ ಮಾರ್ಕೆಟಿಗೆ ಹೊರಟರೆ ಒಂದು ಚಪ್ಪಡಿ ಎತ್ತರ, ಇನ್ನೊಂದು ತಗ್ಗು, ಮತ್ತೊಂದು ಕಾಲಿಟ್ಟರೆ ಟಕ್ ಅಂತ ಮಗುಚುತ್ತದೆ, ಅದರಾಚೆಯದು ಇಲ್ಲವೇ ಇಲ್ಲ. ಎಕ್ಸ್‌ರೇ ತೆಗೆಸಿಕೊಂಡು ಬಂದ ಅಜ್ಜಿ ಲಕೋಟೆ ಹಿಡಿದು ರಸ್ತೆಗೆ ಇಳಿಯಬೇಕು. ಇಳಿದರೆ ಹಿಂದಿನಿಂದ ಬಸ್ಸಿನ ಹಾರ್ನ್...

ಒಪಾಬಿನಿಯಾ: ನಾನು ಈಜುವವ. ನೀವು 1972ರದ್ದು ಕೇಳಿ.

ಪ್ರಶ್ನೆ: ಕೇಳಿದೆ ಅಂತಲೇ ಇಟ್ಟುಕೊಳ್ಳಿ.

ಒಪಾಬಿನಿಯಾ: ಆಕ್ಸ್‌ಫರ್ಡಿನಲ್ಲಿ ಪಳೆಯುಳಿಕೆ ಪಂಡಿತರ ಸಭೆ. ಹ್ಯಾರಿ ವಿಟಿಂಗ್ಟನ್, ಬಹಳ ಗಂಭೀರ ಮನುಷ್ಯ ಪಾಪ, ನನ್ನನ್ನು ಕಲ್ಲಿನಿಂದ ಪದರ ಪದರವಾಗಿ ಬಿಡಿಸಿ, ಹೀಗಿದ್ದ ನೋಡಿ ಅಂತ ಚಿತ್ರ ತೋರಿಸಿದರು. ಇಡೀ ಸಭೆ ಗೊಳ್ಳೆಂದು ನಕ್ಕಿತು! ಓದಿದವರು! ಕೋಟು ಹಾಕಿದವರು!

ಪ್ರಶ್ನೆ: ಅದಕ್ಕೆ ಮೊದಲು ವಾಲ್ಕಾಟರು 1912ರಲ್ಲಿ ನಿಮ್ಮನ್ನು ಸಿಗಡಿಯ ಸಂಬಂಧಿ ಅಂತ ತಪ್ಪಾಗಿ ಬರೆದರು. 1930ರಲ್ಲಿ ಹಚಿನ್ಸನ್ ಎಂಬವರು ಅಂಗಾತ ಮಲಗಿಸಿ ಈಜಿಸಿದರು.

ಒಪಾಬಿನಿಯಾ: ಆಗ್ತದೆ. ಬರೆಯುವವರು ಬರೀತಾರೆ.

ಪ್ರಶ್ನೆ: ನಿಮ್ಮ ಇಡೀ ಸಂತಾನವೇ ಅಳಿಯಿತಲ್ಲ?

ಒಪಾಬಿನಿಯಾ: ಅದೂ ಆಗ್ತದೆ. ಆದರೆ ನಗಾಡಿದ್ದು! ನೋಡಿ, 2021ರಲ್ಲಿ ನಿಮ್ಮ ಭೀಮಬೇಟ್ಕಾದ ಗುಹೆಯಲ್ಲಿ ಡಿಕಿನ್ಸೋನಿಯಾ ಅಂತ ಒಂದು ಸಿಕ್ಕಿತು ಅಂದರು. ನನಗಿಂತ ಹಿಂದಿನ ಜೀವಿ, ಭಾರಿ ಸುದ್ದಿ. ಎರಡು ವರ್ಷ ಕಳೆದು ನೋಡಿದರೆ ಹೆಜ್ಜೇನು ಗೂಡು ಕಟ್ಟಿ ಹೋದ ಗುರುತು! ಎಷ್ಟು ಮರ್ಯಾದೆಯಲ್ಲಿ ತಿದ್ದಿಕೊಂಡರು ಗೊತ್ತುಂಟಾ? ಇಲ್ಲದ ಪ್ರಾಣಿಗೆ ಮರ್ಯಾದೆ, ಇದ್ದವನಿಗೆ ನಗೆ. 2022ರಲ್ಲಿ ಅಮೆರಿಕದ ಯೂಟಾದವನೊಬ್ಬ ನಮ್ಮ ದಾಯಾದಿ ಅಂತ ಖಾತ್ರಿಯಾಯಿತು. ಅವನನ್ನು ನೋಡಿ ಯಾರಾದರೂ ನಕ್ಕರಾ? ಇಲ್ಲ. ಅವನಿಗೆ ಹೊಗಳಿಕೆ.

ಪ್ರಶ್ನೆ: ನಿಮ್ಮ ಐದು ಕಣ್ಣಿನ ಬಗ್ಗೆ ಒಂದು ಮಾತು. ನಮ್ಮ ಫುಟ್‌ಪಾತಿಗೆ ಐದೂ ಬೇಕು. ಚಪ್ಪಡಿಗೊಂದು, ತಲೆಮೇಲೆ ಜೋಲುವ ಕೇಬಲಿಗೊಂದು, ಫುಟ್‌ಪಾತ್ ಹತ್ತಿ ಬರುವ ಸ್ಕೂಟರಿಗೊಂದು...

ಒಪಾಬಿನಿಯಾ: ನಗಾಡಿದವರ ಹೆಸರು ಬರ್ಕೊಳ್ಳಿ ಅಂದೆ. ನೀವು ಚಪ್ಪಡಿ ಎಣಿಸ್ತಾ ಇದ್ದೀರಿ.

ಪ್ರಶ್ನೆ: ಸರಿ. ನೀವು ತೀರಿಕೊಂಡದ್ದು ಹೇಗೆ?

ಒಪಾಬಿನಿಯಾ: ಅದಾ? ಕೆಸರು. ಸಮುದ್ರದೊಳಗೆ ಕಡಿದಾದ ಒಂದು ಅಂಚು, ನಾವು ಅದರ ಬುಡದಲ್ಲಿ. ಮೇಲಿಂದ ಒಮ್ಮೆಲೇ ಜಾರಿ ಬಂತು. ಗಾಳಿ ಆಡದ ಹಾಗೆ ಮುಚ್ಚಿದ್ದರಿಂದಲೇ ಮೈ ಕೊಳೆಯದೆ ಕಣ್ಣು ಸಮೇತ ಉಳಿದದ್ದು. ಯಾರದ್ದೂ ತಪ್ಪಲ್ಲ. ಗುಡ್ಡ ಕಡಿಯುವವರು ಆಗ ಹುಟ್ಟಿರಲಿಲ್ಲ.

ಪ್ರಶ್ನೆ: ಈಗ ಹುಟ್ಟಿದ್ದಾರೆ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಇಳಿಯಿತು. ರಸ್ತೆ ಬದಿಯ ಚಹಾದಂಗಡಿ ಹೋಯಿತು, ಅದನ್ನು ನಡೆಸುತ್ತಿದ್ದ ಸಂಸಾರ ಹೋಯಿತು. ಗಂಗಾವಳಿ ನದಿಗೆ ಬಿದ್ದ ಒಂದು ಲಾರಿ, ಒಳಗೆ ಚಾಲಕನೊಂದಿಗೆ, ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಗೆ. ಮಳೆ ಜೋರಿತ್ತು, ನಿಜ. ಆದರೆ ಗುಡ್ಡದ ಬುಡ ಕಡಿದದ್ದು ಮಳೆಯಲ್ಲ. ನಮ್ಮ ಕರಾವಳಿಯ ಗುಡ್ಡಗಳ ಹೊಟ್ಟೆಯಲ್ಲಿ ಹೆಚ್ಚಿನ ಕಡೆ ಏನಿದೆ ಎಂದು ಬಾವಿ ತೋಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಶೇಡಿಮಣ್ಣು ಒಣಗಿದ್ದಾಗ ನೇರ ಕಡಿದರೂ ನಿಲ್ಲುತ್ತದೆ, ನೀರು ಕುಡಿದರೆ ದೋಸೆ ಹಿಟ್ಟು. ಇದು ಗೊತ್ತಿದ್ದೂ ಇಳಿಜಾರು ಬಿಡದೆ, ನೀರಿಗೆ ದಾರಿ ಮಾಡದೆ, ಏಪ್ರಿಲ್‌ನಲ್ಲಿ ಜೆಸಿಬಿ ಹಚ್ಚಿ ಕಡಿಯುತ್ತಾರೆ. ಜೂನ್‌ನಲ್ಲಿ ಕುಸಿದರೆ ಪ್ರಕೃತಿ ವಿಕೋಪ ಎನ್ನುತ್ತಾರೆ. ಪ್ರಕೃತಿಗೆ ಯಾವ ಟೆಂಡರ್ ಆಗಿತ್ತು? ಮನೆ ಕಟ್ಟಲು ಅರ್ಧ ಸೆಂಟ್ಸ್ ಹೆಚ್ಚು ಸಿಗಲಿ ಅಂತ ಗುಡ್ಡವನ್ನು ಗೋಡೆ ಮಾಡಿ, ಅದರ ಬುಡದಲ್ಲಿ ಮಕ್ಕಳನ್ನು ಮಲಗಿಸುವ ನಾವೂ ಕಮ್ಮಿಯಿಲ್ಲ. ಅನುಮತಿ ಕೊಟ್ಟವರು ಅದೇ ಮಳೆಯಲ್ಲಿ ಕೊಡೆ ಹಿಡಿದು ಸಾಂತ್ವನ ಹೇಳಲು ಬರುತ್ತಾರೆ.

ಒಪಾಬಿನಿಯಾ: ಕಡಿಯಲು ಹೇಳಿದವರ ಹೆಸರು ಉಂಟಲ್ಲ?

ಪ್ರಶ್ನೆ: ಕಡತದಲ್ಲಿ ಉಂಟು.

ಒಪಾಬಿನಿಯಾ: ವಿಟಿಂಗ್ಟನ್ ನಾನು ಸತ್ತು 50 ಕೋಟಿ ವರ್ಷ ಕಳೆದ ಮೇಲೆ, ಉಗುರಿನಷ್ಟು ದಪ್ಪ ಇಲ್ಲದ ಪದರ ಕೆರೆದು, ಎಲ್ಲಿ ಬಾಯಿ, ಎಲ್ಲಿ ಕರುಳು ಅಂತ ಕಂಡುಹಿಡಿದ. ಕಡತ ಅದಕ್ಕಿಂತ ಗಟ್ಟಿಯಾ?

ಪ್ರಶ್ನೆ: (ಉತ್ತರಿಸದೆ) ನೀವು ಪ್ರಸಿದ್ಧರಾದಿರಲ್ಲ ಕೊನೆಗೆ. ಸ್ಟೀಫನ್ ಜೇ ಗೌಲ್ಡ್ 1989ರಲ್ಲಿ ನಿಮ್ಮ ಮೇಲೆ, ನಿಮ್ಮ ಗುಡ್ಡದ ಮೇಲೆ ಪುಸ್ತಕವೇ ಬರೆದರು.

ಒಪಾಬಿನಿಯಾ: ಬರೆದರು. ಅದರಲ್ಲೂ ಆ ನಗೆಯ ಕಥೆ ಹಾಕಿದರು! ಗೊತ್ತಿಲ್ಲದವರಿಗೂ ಗೊತ್ತಾಯಿತು.

ಪ್ರಶ್ನೆ: ಬೇಜಾರು ಬೇಡ. ನಾವು ಪಂಪ್‌ವೆಲ್ ಫ್ಲೈಓವರಿಗೆ ಕಾದವರು. 2020ರ ಜನವರಿ 31ಕ್ಕೆ ಅದು ತೆರೆಯುವವರೆಗೆ ಲೋಕವೆಲ್ಲ ನಮ್ಮನ್ನು ನೋಡಿ ನಕ್ಕಿದೆ. ಈಗ ಎಲ್ಲಿಗೆ ಹೊರಟಿರಿ?

ಒಪಾಬಿನಿಯಾ: ಉಳ್ಳಾಲಕ್ಕೆ, ಸಮುದ್ರಕ್ಕೆ. ಬಸ್ ಎಲ್ಲಿ ನಿಲ್ತದೆ?

ಪ್ರಶ್ನೆ: ಎದುರುಗಡೆ. ಈ ಫುಟ್‌ಪಾತಿನಲ್ಲೇ ಹೋಗಿ... ಇಲ್ಲ, ಬೇಡ, ನಾನೇ ಎತ್ತಿಕೊಂಡು ದಾಟಿಸುತ್ತೇನೆ.

ಹತ್ತಿಸಿ ಬಂದೆ. ಕಂಡಕ್ಟರ್ ಸೊಂಡಿಲಿಗೆ ಬೇರೆ ಲಗೇಜು ಟಿಕೇಟು ಕೇಳಿದರಂತೆ. ಮಡಚಿ ಇಟ್ಟುಕೊಳ್ಳುತ್ತೇನೆ ಎಂದರೂ ಒಪ್ಪಲಿಲ್ಲವಂತೆ. ಬಸ್ಸು ಪಂಪ್‌ವೆಲ್ ದಾಟುವಾಗಲೂ ಚರ್ಚೆ ಮುಗಿದಿರಲಿಲ್ಲ ಎಂದು ಅದೇ ಬಸ್ಸಿನಲ್ಲಿದ್ದ ಮೀನಿನ ಬುಟ್ಟಿಯ ಅಕ್ಕ ಹೇಳಿದರು.