ಹನ್ನೆರಡು ಮನೆಯವನಿಂದ ನಾಲ್ಕು ಮನೆಯವರಿಗೆ

ಆಕಾಶವಾಣಿಯ ಧ್ವನಿಪರೀಕ್ಷಾ ಮಂಡಳಿಯ ಮಾನ್ಯ ಸದಸ್ಯರ ಸನ್ನಿಧಾನಕ್ಕೆ,

ನಾನು ಹಾರ್ಮೋನಿಯಂ. ಧಾರವಾಡದ ಕಡೆ ಪೇಟಿ ಅನ್ನುತ್ತಾರೆ. ನಾಟಕ ಕಂಪನಿಗಳ ಕಾಲದಲ್ಲಿ ಕಾಲ್ಪೆಟ್ಟಿಗೆಯಾಗಿ ರಾಜನ ಪ್ರವೇಶಕ್ಕೂ ರಾಕ್ಷಸನ ಮರಣಕ್ಕೂ ನಾನೇ ಬೇಕಿದ್ದೆ. ಅರ್ಜಿಯ ಜೊತೆ ಲಗತ್ತಿಸಲು ಪ್ರಮಾಣಪತ್ರ ಯಾವುದೂ ಇಲ್ಲ. ಇರುವ ದಾಖಲೆ ಒಂದೇ, 1940ರ ಮಾರ್ಚಿನಿಂದ ನಿಮ್ಮ ಸ್ಟುಡಿಯೋಗಳಲ್ಲಿ ನನಗೆ ಪ್ರವೇಶವಿಲ್ಲ ಎಂದ ಹುಕುಂ. ಸಂಗೀತದ ಗುಣಮಟ್ಟ ಕಾಪಾಡಲು ಹಾಗೆ ಮಾಡಬೇಕಾಯಿತಂತೆ.

ತೀರ್ಪು ಕೊಟ್ಟವರೇನೂ ಸಾಮಾನ್ಯರಲ್ಲ. ದಿಲ್ಲಿ ನಿಲಯದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರರು 1938ರಲ್ಲೇ ನನ್ನ ಮೇಲೆ ಲೇಖನ ಬರೆದು ಝಾಡಿಸಿದ್ದರು. ಪ್ರಸಾರದ ಮುಖ್ಯಸ್ಥರಾಗಿದ್ದವರು ಬಿಬಿಸಿಯಿಂದ ಬಂದ ಲಯೊನೆಲ್ ಫೀಲ್ಡನ್ ಸಾಹೇಬರು. ರವೀಂದ್ರನಾಥ ಟಾಗೋರರೂ 1940ರ ಜನವರಿಯಲ್ಲಿ ಕಲ್ಕತ್ತಾ ನಿಲಯಕ್ಕೆ ಪತ್ರ ಬರೆದು, ಇದನ್ನು ಹೊರಗಿಡಿ ಎಂದರು. ಜವಾಹರಲಾಲ್ ನೆಹರೂ ಅವರಿಗೂ ನನ್ನನ್ನು ಕಂಡರಾಗುತ್ತಿರಲಿಲ್ಲ. ಸಾಮ್ರಾಜ್ಯಕ್ಕೂ ಸ್ವಾತಂತ್ರ್ಯ ಚಳವಳಿಗೂ ಒಮ್ಮತ ಮೂಡಿದ ಅಪರೂಪದ ವಿಷಯವೆಂದರೆ ನಾನು. ಇದನ್ನು ನನ್ನ ಸಾಧನೆಗಳ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕಾಗಿ ವಿನಂತಿ.

ನನ್ನ ಮೇಲಿದ್ದ ಆರೋಪ ಎರಡು. ಮೊದಲನೆಯದು, ನಾನು ಪರದೇಶಿ. ಹೌದು, ಪ್ಯಾರಿಸ್ಸಿನಲ್ಲಿ ದಬೆಂ ಎಂಬವರು 1842ರಲ್ಲಿ ನನ್ನ ಪೂರ್ವಜನಿಗೆ ಪೇಟೆಂಟ್ ಪಡೆದರು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಕಾಲು ಕತ್ತರಿಸಿ ನೆಲದ ಮೇಲೆ ಕೂರಿಸಿದ ಮೇಲೆ ಈ ದೇಶದವನಾದೆ. ಆದರೆ ನನ್ನ ಹಾಗೆಯೇ ಹಡಗು ಹತ್ತಿ ಬಂದ ಪಿಟೀಲನ್ನು ನೀವು ಒಳಗೆ ಕರೆದು ಕೂರಿಸಿದಿರಿ. ಇರಲಿ, ಅದು ಬಾಗುತ್ತದೆ. ಎರಡನೆಯ ಆರೋಪವೂ ಅದೇ ತಾನೆ: ನಾನು ಬಾಗುವುದಿಲ್ಲ. ಸ್ಥಾಯಿಗೆ ಹನ್ನೆರಡು ಮನೆ, ಒಂದರಿಂದ ಇನ್ನೊಂದಕ್ಕೆ ಜಾರುವ ದಾರಿ ಇಲ್ಲ. ಮೀಂಡ್ ಬರದು, ಗಮಕ ಬರದು. ದರ್ಬಾರಿ ರಾಗದ ಗಾಂಧಾರ ತೂಗಾಡುವಾಗ ನಾನು ಹೊಸ್ತಿಲಾಚೆ ನಿಂತು ನೋಡುತ್ತಿರುತ್ತೇನೆ. ಈ ಮಾತಿಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಆಮೇಲೆ ನೀವು ಕಟ್ಟಿದ ವಾದ್ಯದ ಬಗ್ಗೆ. 1952ರಲ್ಲಿ ಡಾ. ಬಿ.ವಿ. ಕೇಸ್ಕರ್ ಅವರು ವಾರ್ತಾ ಮತ್ತು ಪ್ರಸಾರ ಮಂತ್ರಿಯಾದರು. ಅವರ ಕಾಲದಲ್ಲಿ ಧ್ವನಿಪರೀಕ್ಷೆ ಬಿಗಿಯಾಯಿತು, ಆಗಲೇ ಹೆಸರು ಮಾಡಿದ್ದ ಕಲಾವಿದರೂ ಪರೀಕ್ಷೆಗೆ ಕೂರಬೇಕಾಗಿ ಬಂದು ಗಲಾಟೆಯೇ ಆಯಿತು. ಕಲಾವಿದರಿಗೆಲ್ಲ ನೀವು ಹಂಚಿದ ಸ್ಥಾನಗಳು ಬಿ, ಬಿ ಹೈ, ಎ, ಟಾಪ್. ಇಡೀ ದೇಶದ ಕಂಠಗಳಿಗೆ ನಾಲ್ಕು ಮನೆ. ‘ಬಿ ಹೈ’ಯಿಂದ ‘ಎ’ಗೆ ಜಾರಲು ಮೀಂಡ್ ಇದೆಯೇ ಸ್ವಾಮಿ? ಬೆಳಿಗ್ಗೆ ತೋಡಿಯಲ್ಲಿ ‘ಟಾಪ್’ ಆಗಿ, ಸಂಜೆ ಶೀತ ಹಿಡಿದು ‘ಬಿ’ ಆಗುವವರಿಗೆ ಯಾವ ಶ್ರುತಿ? ಹನ್ನೆರಡು ಸಾಲದೆಂದು ನನ್ನನ್ನು ಹೊರಗಟ್ಟಿದವರು ನಾಲ್ಕರಲ್ಲಿ ಸಂಸಾರ ಹೂಡಿದ್ದೀರಿ. ನನ್ನ ಹನ್ನೆರಡನ್ನು ತಿದಿಯ ಗಾಳಿ ನುಡಿಸುತ್ತದೆ. ನಿಮ್ಮ ನಾಲ್ಕನ್ನು ನುಡಿಸುವ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಎಂದು ಕಲಾವಿದರು ಕ್ಯಾಂಟೀನಿನಲ್ಲಿ ಮಾತಾಡಿಕೊಳ್ಳುವುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಅದೇ ಮಂತ್ರಿಗಳು ಚಿತ್ರಗೀತೆಯನ್ನೂ ಮೂಲೆಗೆ ತಳ್ಳಿದರು. ಜನ ಮರುಮಾತಾಡದೆ ಗುಂಡಿ ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. ಕೊನೆಗೆ 1957ರ ಅಕ್ಟೋಬರಿನಲ್ಲಿ ನೀವೇ ವಿವಿಧ ಭಾರತಿ ಶುರುಮಾಡಿದಿರಿ. ಕೇಳುಗರ ಕಿವಿಗೂ ಒಂದು ಧ್ವನಿಪರೀಕ್ಷೆ ಮಾಡಿಬಿಟ್ಟಿದ್ದರೆ ಈ ಮುಜುಗರ ತಪ್ಪುತ್ತಿತ್ತು.

1950ರಲ್ಲಿ ಧಾರವಾಡಕ್ಕೆ ನಿಲಯ ಬಂತು. ಆಗಿನ ನನ್ನ ಸ್ಥಿತಿ ನೋಡಿ. ಹುಬ್ಬಳ್ಳಿ-ಧಾರವಾಡದ ಬೈಠಕ್ಕುಗಳಲ್ಲಿ ಗವಾಯಿಗಳ ಎಡಕ್ಕೆ ನಾನಿರಲೇಬೇಕು. ಅದೇ ಗವಾಯಿಗಳು ನಿಲಯಕ್ಕೆ ಹೊರಟರೆ ನಾನು ಮನೆ ಕಾಯಬೇಕು. ಅದೇ ಖಯಾಲ್, ಅದೇ ಕಂಠ, ಗೋಡೆಯೊಂದೇ ಬೇರೆ. ಗೋಡೆಯ ಈಚೆ ನಾನು ಸಾಥಿ, ಆಚೆ ಸೋಂಕು. ಬೆಳಗಾವಿಯಲ್ಲಿ ನನ್ನನ್ನು ನುಡಿಸುತ್ತಿದ್ದ ರಾಮಭಾವು ಬಿಜಾಪುರೆಯವರಿಗೆ, ನನ್ನ ಮೇಲೆ ನಿಷೇಧ ಬಂದಾಗ, ಇಪ್ಪತ್ಮೂರರ ಹರೆಯ. ಅವರು ನನ್ನನ್ನು ಕೈಬಿಡಲಿಲ್ಲ. ತೊಂಬತ್ತು ದಾಟುವವರೆಗೂ ಅವರ ಬೆರಳ ಕೆಳಗೆ ನಾನಿದ್ದೆ, ಪಕ್ಕದಲ್ಲಿ ಶಿಷ್ಯರ ಸಾಲಿತ್ತು.

ಕಲಿಸುವ ವಿಷಯಕ್ಕೆ ಬಂದೆ, ಒಂದು ಗಳಿಗೆ ಕೇಳಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ಕಣ್ಣಿಲ್ಲದ ಹುಡುಗ ಬೆರಳಿನಿಂದ ನನ್ನನ್ನು ಓದುತ್ತಾನೆ. ಎತ್ತರದ ಕರಿಮನೆ ಎರಡು, ಸ್ವಲ್ಪ ತಗ್ಗು, ಮತ್ತೆ ಕರಿಮನೆ ಮೂರು. ಅಷ್ಟರಲ್ಲಿ ಅವನಿಗೆ ಷಡ್ಜ ಎಲ್ಲಿದೆ ಎಂದು ಗೊತ್ತಾಗಿಬಿಡುತ್ತದೆ. ಇನ್ನೊಂದು ಕಡೆ, ಮನೆಯೊಂದರ ಪಡಸಾಲೆಯಲ್ಲಿ ಮೇಷ್ಟ್ರು ಎಡಗೈಯಲ್ಲಿ ತಿದಿ ಒತ್ತುತ್ತ, ಬಲಗೈಯ ನಡುಬೆರಳನ್ನು ಪಂಚಮದ ಮೇಲಿಟ್ಟು ಕಾಯುತ್ತಿರುತ್ತಾರೆ. ಹುಡುಗಿಯ ದನಿ ಒಂದೆಳೆ ಕೆಳಗೆ ನಿಂತಿದೆ. ಮೇಷ್ಟ್ರು ಬಯ್ಯುವುದಿಲ್ಲ, ಬೆರಳನ್ನೂ ಎತ್ತುವುದಿಲ್ಲ. ದನಿ ಹುಡುಕುತ್ತದೆ, ತಪ್ಪುತ್ತದೆ, ಇನ್ನೊಮ್ಮೆ ಹತ್ತುತ್ತದೆ. ಆಮೇಲೆ ನನ್ನ ಪಂಚಮ ಎಲ್ಲಿ ಮುಗಿದು ಅವಳದು ಎಲ್ಲಿ ಶುರುವಾಯಿತೆಂದು ನನಗೇ ತಿಳಿಯುವುದಿಲ್ಲ. ಮೇಷ್ಟ್ರು ಬೆರಳು ತೆಗೆದು, ‘ಹ್ಞೂಂ, ಮುಂದ ಹೇಳವಾ’ ಅನ್ನುತ್ತಾರೆ. ಈ ‘ಹ್ಞೂಂ’ಗೆ ನಿಮ್ಮಲ್ಲಿ ಯಾವ ಗ್ರೇಡು?

ಇಲ್ಲ ಎಂದು ಗೊತ್ತು. ಆದರೂ ನಿಮ್ಮ ಗ್ರೇಡು ಈಗ ಪಾಠದ ಕೋಣೆಗೂ ಬಂದಿದೆ. ಕಲಾವಿದರಾದವರು ವಿಶ್ವವಿದ್ಯಾಲಯದಲ್ಲಿ ಸಂಗೀತ ಅಧ್ಯಾಪಕರಾಗಬೇಕೆಂದರೆ ಯುಜಿಸಿಯ 2018ರ ನಿಯಮಗಳಲ್ಲಿರುವ ಷರತ್ತುಗಳ ಪೈಕಿ ಆಕಾಶವಾಣಿ ಅಥವಾ ದೂರದರ್ಶನದ ‘ಎ’ ಗ್ರೇಡೂ ಒಂದು. ಹಾಡುವುದನ್ನು ಅಳೆಯಲು ಮಾಡಿದ ಸೇರಿನಲ್ಲಿ ಕಲಿಸುವುದನ್ನೂ ಸುರಿದು ಅಳೆಯುತ್ತಿದ್ದೀರಿ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ವಿಶ್ವವಿದ್ಯಾಲಯವಿದೆ. ಬಾಯಿಯವರ ಶಾಲೆ ಐದನೇ ಇಯತ್ತೆಗೆ ನಿಂತಿತ್ತು, ಉಳಿದ ಕಲಿಕೆಯ ಬಹುಪಾಲು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಎದುರು. ಅವರೇ ಬಂದು ಆ ಕಟ್ಟಡದಲ್ಲಿ ಅಧ್ಯಾಪಕಿಯ ಹುದ್ದೆಗೆ ಅರ್ಜಿ ಹಾಕಿದರೆ, ಪದವಿಯ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ಗುಮಾಸ್ತರನ್ನು ಕೇಳಬೇಕಾಗುತ್ತದೆ. ಗುಮಾಸ್ತರು ಪಾಪ, ಒಳ್ಳೆಯವರೇ ಇರುತ್ತಾರೆ. ಗೋಡೆಯ ಮೇಲಿನ ಫೋಟೋ ನೋಡುತ್ತ, ಮುಂದಿನ ಸಲ ನೋಡೋಣ ಅನ್ನುತ್ತಾರೆ.

1971ರಲ್ಲಿ ನನ್ನ ಮೇಲಿನ ನಿಷೇಧ ಸಡಿಲವಾಯಿತು. ಸಾಥಿಗೆ ಮಾತ್ರ, ಒಂಟಿಯಾಗಿ ನುಡಿಯುವಂತಿರಲಿಲ್ಲ. ಒಂದೇ ಪ್ರಶ್ನೆ: ನಡುವೆ ನನ್ನಲ್ಲಿ ಏನು ಸುಧಾರಿಸಿತ್ತು? ಮನೆ ಹನ್ನೆರಡೇ ಇದ್ದವು. ಮೀಂಡ್ ಕಲಿತಿರಲಿಲ್ಲ. ಬದಲಾದದ್ದು ಮೇಜಿನ ಆಚೆ ಕೂತವರು. ಈಗಂತೂ ನನ್ನನ್ನು ನುಡಿಸುವವರಿಗೂ ನೀವೇ ಗ್ರೇಡು ಕೊಡುತ್ತೀರಿ, ಅವರು ಅದನ್ನು ಕಛೇರಿಯ ಆಮಂತ್ರಣದಲ್ಲಿ ಹೆಸರಿಗಿಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ.

ಹೀಗಾಗಿ ನನ್ನ ಬೇಡಿಕೆ ಕ್ಷಮಾಪಣೆಯಲ್ಲ, ಬಾಕಿ. ಮೂವತ್ತೊಂದು ವರ್ಷ ನನಗೆ ತಪ್ಪಿದ ಸಾಥಿಯ ಸಂಭಾವನೆಯನ್ನು ಬಡ್ಡಿ ಸಮೇತ ಲೆಕ್ಕ ಹಾಕಿ, ಪುಣ್ಯಾಶ್ರಮದಂಥ ಕಡೆ ಹಳೆಯ ಪೇಟಿಗಳ ತಿದಿ ದುರಸ್ತಿಗೆ ಕಳುಹಿಸಿಕೊಡತಕ್ಕದ್ದು. ಯಾವ ಗ್ರೇಡಿನ ದರ ಎಂದು ಮಂಡಳಿಯಲ್ಲಿ ಜಗಳ ಬೇಡ, ‘ಬಿ’ ಆದರೂ ನಡೆಯುತ್ತದೆ. ಟಿಡಿಎಸ್ ಮುರಿದುಕೊಳ್ಳಿ.

ಇಂತಿ ತಮ್ಮ ವಿಧೇಯ,
ಪೇಟಿ