ಟೋಪಿ ಹಾಕಿದ ರೂಪಾಯಿ

ದುಡ್ಡಿನ ವಿಷಯದಲ್ಲಿ ಸಂಕೋಚ ಇರಬಾರದು ಅಂತಾರೆ. ನಮ್ಮ ಬಿಲ್ಲಿಂಗ್ ಯಂತ್ರಗಳಿಗೋ ವಿಪರೀತ ಸಂಕೋಚ. ತೊಗರಿಬೇಳೆ ?180 ಅಂತ ಅಚ್ಚು ಹಾಕಿ ಕೊಡುತ್ತವೆ. ಬೆಲೆ ಹೇಳುತ್ತಿವೆಯೋ, ‘ನೂರೆಂಬತ್ತು ಕೊಡ್ತೀರಾ ಸ್ವಾಮಿ?’ ಅಂತ ಚೌಕಾಸಿಗೆ ಕರೆಯುತ್ತಿವೆಯೋ ತಿಳಿಯದು. ಪ್ರಿಂಟರಿನ ಹಳೇ ಅಕ್ಷರಪಟ್ಟಿಯಲ್ಲಿ ₹ ಇಲ್ಲ. ಗುರುತಿಲ್ಲದವರು ಯಾರೇ ಬಂದರೂ ಅದರದ್ದು ಒಂದೇ ಪ್ರಶ್ನೆ.

ಚಿಹ್ನೆಯ ತಪ್ಪೇನಿಲ್ಲ, ಪಾಪ. 2010ರ ಜುಲೈನಲ್ಲಿ ಕೇಂದ್ರ ಸಂಪುಟ ಉದಯಕುಮಾರ್ ಅವರ ವಿನ್ಯಾಸ ಒಪ್ಪಿತು. ಅಕ್ಟೋಬರಿನ ಹೊತ್ತಿಗೆ ಯೂನಿಕೋಡ್ 6.0ರಲ್ಲಿ 20ಬಿ9 ಅಂತ ಮನೆ ನಂಬರೂ ಸಿಕ್ಕಿತು. ಮೂರೇ ತಿಂಗಳು! ನಮ್ಮಲ್ಲಿ ಖಾತೆ ಬದಲಾವಣೆಗೆ ಅಷ್ಟರಲ್ಲಿ ಅರ್ಜಿಯೂ ಮೇಜು ದಾಟಿರುವುದಿಲ್ಲ. ಅಷ್ಟೂ ಕಾಯಲಾರದೆ ಮಂಗಳೂರಿನ ಫೋರೇಡಿಯನ್ ಕಂಪನಿ ಒಂದು ಫಾಂಟ್ ಮಾಡಿ ಹಂಚಿಬಿಟ್ಟಿತ್ತು. ಕೀಬೋರ್ಡಿನಲ್ಲಿ 1ರ ಎಡಕ್ಕೆ ಯಾರೂ ಕೇಳುವವರಿಲ್ಲದೆ ಬಿದ್ದಿದ್ದ ಓರೆಗೀಟಿನ ಜಾಗದಲ್ಲಿ ರೂಪಾಯಿಯನ್ನು ಕೂರಿಸಿದ್ದರು. ಫಾಂಟ್ ಇದ್ದವರಿಗೆ ರೂಪಾಯಿ, ಇಲ್ಲದವರಿಗೆ ಬರೀ ಗೀಟು.

ಸ್ವಂತ ಮನೆಯಾದ ಮೇಲಾದರೂ ಸುಖವುಂಟೇ? ಯುಟಿಎಫ್-8 ಲೆಕ್ಕದಲ್ಲಿ ₹ ಅಂದರೆ ಮೂರು ಬೈಟು. ಓದುವ ಆಪ್ ಹಳೇ ವಿಂಡೋಸ್ ಪಟ್ಟಿ ಹಿಡಿದುಕೊಂಡು ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂತ ಓದಿತೋ, ಮುಗಿಯಿತು. ಪರದೆಯ ಮೇಲೆ ಟೋಪಿ ಹಾಕಿದ ಇಂಗ್ಲಿಷ್ ‘ಎ’, ಅದರ ಮಗ್ಗುಲಲ್ಲಿ ಕೊಮಾದಂಥದ್ದೊಂದು, ಆಮೇಲೆ ಅಟ್ಟ ಹತ್ತಿ ಕೂತ ಪುಟಾಣಿ 1. ಮುಂದೆ 500 ಇದ್ದರೆ, ಕಣ್ಣು ಮಂಜಾದವರಿಗೆ ಅದು 1500. ಟೋಪಿ ಯಾರಿಗೆ ಅಂತ ಬಿಡಿಸಿ ಹೇಳಬೇಕೇ?

ಸಾಫ್ಟ್‌ವೇರ್ ಹುಡುಗರನ್ನು ಕೇಳಿ: ‘ಫಾಂಟ್ ಪ್ರಾಬ್ಲಮ್ ಸಾರ್, ನನ್ನ ಸಿಸ್ಟಮ್ಮಲ್ಲಿ ಸರಿಯಾಗೇ ಬರ್ತಿದೆ.’ ಬರದೇ ಏನು! ಅವರ ಸಿಸ್ಟಮ್ಮಿನಲ್ಲಿ ಎಲ್ಲರದ್ದೂ ಎಲ್ಲವೂ ಸರಿಯಾಗೇ ಬರುತ್ತದೆ.

ಬ್ಯಾಂಕಿನವರು ಮಾತ್ರ ಈ ತಂಟೆಗೇ ಹೋಗುವುದಿಲ್ಲ. ಎಸ್ಸೆಮ್ಮೆಸ್ಸಿನ ಮೂಲ ಅಕ್ಷರಪಟ್ಟಿಯಲ್ಲಿ ಡಾಲರ್ ಇದೆ, ಪೌಂಡ್ ಇದೆ, ಯೆನ್ ಕೂಡ ಇದೆ, ರೂಪಾಯಿಗೆ ಚಾಪೆಯಿಲ್ಲ. ಒಂದೇ ಒಂದು ₹ ತೂರಿಸಿದರೂ ಇಡೀ ಸಂದೇಶ ಬೇರೆ ಎನ್‌ಕೋಡಿಂಗಿಗೆ ಹಾರಿ, 160 ಅಕ್ಷರದ ಜಾಗ 70ಕ್ಕೆ ಕುಗ್ಗುತ್ತದೆ. ಒಂದು ಸಂದೇಶದಲ್ಲಿ ಮುಗಿಯುವ ಮಾತಿಗೆ ಎರಡು ಮೂರರ ದುಡ್ಡು ತೆರಬೇಕು. ‘ಐಎನ್‌ಆರ್’ ಅಂತ ಬರೆದು ಕೈತೊಳೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ. ರೂಪಾಯಿ ಉಳಿಸುವುದಕ್ಕೆ ರೂಪಾಯಿಯನ್ನೇ ಹೊರಗಿಟ್ಟರು! ಎಸ್ಸೆಮ್ಮೆಸ್ ಶುಲ್ಕ ಮುರಿದುಕೊಂಡಿದ್ದೇವೆ ಅಂತ ನಿಮಗೆ ಬರುತ್ತದಲ್ಲ ಎಸ್ಸೆಮ್ಮೆಸ್, ಅದನ್ನೇ ಬೇಕಾದರೆ ತೆಗೆದು ನೋಡಿ.